ಅಬ್ರಹಾಮ ಕನ್ನಡ ಮಾತಾಡಿದ್ದ

ದೂರದರ್ಶನದ ‘ಬೈಬಲ್ ಕಿ ಕಹಾನಿಯಾಂ’ ಧಾರಾವಾಹಿಯಲ್ಲಿ ಅಬ್ರಹಾಮ ಕನ್ನಡದಲ್ಲೇ ಮಾತಾಡಿದ್ದ ಎಂದು ನನ್ನ ಆಯಿ ಇಂದಿಗೂ ವಾದಿಸುತ್ತಾಳೆ. ಅದು ಹಿಂದಿ ಧಾರಾವಾಹಿ ಎಂದರೆ, “ಆಗ ನೀ ಎಲ್ಲಿದ್ದಿ? ನಾ ಕಿವಿಲೆ ಕೇಳೀನಿ” ಎನ್ನುತ್ತಾಳೆ. ನಿಜ, 1990ರ ದಶಕದ ಆರಂಭದಲ್ಲಿ ಅದು ಪ್ರಸಾರವಾದಾಗ ನಾನಿನ್ನೂ ಹುಟ್ಟಿರಲಿಲ್ಲ. ಬಗದಲ್‌ನ ನಮ್ಮ ಮನೆಯಲ್ಲಿ ಆ ಧಾರಾವಾಹಿಯ ನೆನಪು ನನಗಿಂತ ಹಿರಿಯದು. “ಈಗೆಲ್ಲಿ ಅಂಥವು ಬರ್ತಾವ?” ಎಂಬ ಮಾತು ಕೇಳುತ್ತಲೇ ಬೆಳೆದೆ.

ಕಳೆದ ಕ್ರಿಸ್‌ಮಸ್ ರಜೆಯಲ್ಲಿ ಕೆಲವು ಕಂತುಗಳನ್ನು ಮೊಬೈಲಿನಲ್ಲಿ ನೋಡಿದೆ. ತಯಾರಿಸಿದವರು ಕೇರಳದ ನವೋದಯ ಅಪ್ಪಚ್ಚನ್. 1984ರಲ್ಲಿ ‘ಮೈ ಡಿಯರ್ ಕುಟ್ಟಿಚಾತ್ತನ್’ ಮೂಲಕ ದೇಶಕ್ಕೆ ಮೊದಲ ತ್ರೀಡಿ ಚಿತ್ರ ಕೊಟ್ಟವರು. ಹಾಗಾಗಿ ಏನಾದರೂ ಚಮತ್ಕಾರ ಇರಬಹುದೆಂದುಕೊಂಡಿದ್ದೆ. ಕಂಡದ್ದು ಮಾತ್ರ 1987ರ ‘ರಾಮಾಯಣ’ ಹಾಕಿಕೊಟ್ಟ ದಾರಿ: ನಿಧಾನದ ನಡೆ, ತೂಕದ ಮಾತು, ಪ್ರತಿ ಮಾತಿನ ಹಿಂದೆಯೂ ಸಂಗೀತ. ಆದಿಕಾಂಡದ ಹಿರಿಯರು ನಮ್ಮ ಪುರಾಣದ ಋಷಿಗಳಂತೆಯೇ ಕಂಡರು. ವಿಮರ್ಶೆಯ ವಿದ್ಯಾರ್ಥಿಯಾಗಿ ನಾನು ಇದನ್ನು ಅನುಕರಣೆ ಎಂದು ಬರೆದುಕೊಂಡೆ.

ಆದರೆ ಆ ಟಿಪ್ಪಣಿ ಆಯಿಯ ನೆನಪಿನ ಮುಂದೆ ನಿಲ್ಲಲಿಲ್ಲ. ಬೀದರ್ ಸೀಮೆಯ ಮೆಥೋಡಿಸ್ಟ್ ಕ್ರೈಸ್ತರಲ್ಲಿ ಹೆಚ್ಚಿನವರು ದಲಿತ ಹಿನ್ನೆಲೆಯವರು. ಆಯಿ ‘ರಾಮಾಯಣ’ ನೋಡಿದ್ದು ಟಿವಿ ಇದ್ದವರ ಮನೆಯ ಕಿಟಕಿಯಾಚೆ ನಿಂತು. ‘ಬೈಬಲ್ ಕಿ ಕಹಾನಿಯಾಂ’ ನೋಡಿದ್ದು ನಮ್ಮವರೇ ಆದ ಮಾಸ್ತರರೊಬ್ಬರ ಮನೆಯೊಳಗೆ, ಜಮಖಾನೆಯ ಮೇಲೆ ಕೂತು. ಸರಕಾರದ ಟಿವಿಯಲ್ಲಿ, ರಾಮಾಯಣದ ಠೀವಿಯಲ್ಲೇ ತನ್ನ ಪ್ರಾರ್ಥನೆಯ ಕಥೆ ಬಂದಿತ್ತು. ನಾನು ಅನುಕರಣೆ ಎಂದದ್ದು ಅವಳಿಗೆ ಸರಿಸಮಾನತೆಯಾಗಿ ಕಂಡಿತ್ತು. ದೂರದರ್ಶನದ ಕಾಲದಲ್ಲಿ ದೇಶವೆಲ್ಲ ಒಟ್ಟಿಗೆ ಕೂತು ನೋಡುತ್ತಿತ್ತು ಎಂದು ಬರೆಯುವವರು ಕಿಟಕಿಯ ಯಾವ ಕಡೆ ಕೂತಿದ್ದರು ಎಂಬುದನ್ನೂ ಬರೆಯಬೇಕು.

ಇನ್ನು ಭಾಷೆ. ನಮ್ಮಲ್ಲಿ ಬೈಬಲ್ ಓದುವುದು ಕನ್ನಡದಲ್ಲಿ, ಸಂತೆಯ ವ್ಯವಹಾರ ದಖನಿಯಲ್ಲಿ. ಪರದೆಯ ಮೇಲಿನ ಯೇಸು ಬಂದದ್ದು ತೆಲುಗಿನಿಂದ. 1978ರ ‘ಕರುಣಾಮಯುಡು’ ನೋಡಿದ ಹಿರಿಯರಿಗೆ ಯೇಸುವಿನ ಮುಖವೆಂದರೆ ಈಗಲೂ ವಿಜಯಚಂದರ್ ಮುಖವೇ. ಧಾರಾವಾಹಿ ಬಂದದ್ದು ಸಂಸ್ಕೃತಮಯ ಹಿಂದಿಯಲ್ಲಿ. ಸಂತೆಯಲ್ಲಿ ‘ಹುಕುಮ್’, ‘ಔಲಾದ್’, ‘ದುವಾ’ ಕೇಳಿದ ಕಿವಿಗೆ ಟಿವಿಯ ‘ಆಜ್ಞಾ’, ‘ಸಂತಾನ್’, ‘ಆಶೀರ್ವಾದ್’ ಹೊಸವಾಗಬೇಕಿತ್ತು. ಆಗಲಿಲ್ಲ, ಏಕೆಂದರೆ ಆ ಮಾತುಗಳನ್ನು ಆಯಿ ಚರ್ಚಿನ ಕನ್ನಡದಲ್ಲಿ ಮೊದಲೇ ಕೇಳಿದ್ದಳು. ಕ್ರಿಯಾಪದ ಸಂತೆಯಿಂದ, ನಾಮಪದ ಚರ್ಚಿನಿಂದ ತಂದು ಅರ್ಥ ಕೂಡಿಸಿಕೊಂಡಳು. ಉಳಿದ ಅರ್ಧವನ್ನು ಮಾಸ್ತರರು ಪಾತ್ರಗಳ ಮಾತಿನ ಮೇಲೆಯೇ ಗಟ್ಟಿಯಾಗಿ ಕನ್ನಡದಲ್ಲಿ ಹೇಳುತ್ತಿದ್ದರು. ಆಯಿ ಕೇಳಿದ ಅಬ್ರಹಾಮನ ದನಿ ಅದು.

ಹಾಗಾದರೆ ಆಯಿ ಹಂಬಲಿಸುವುದು ಯಾವ ಕೃತಿಗಾಗಿ? ನವೋದಯದವರು ಚಿತ್ರೀಕರಿಸಿದ್ದಕ್ಕಾಗಿ ಅಲ್ಲ. ಆ ಚಿತ್ರ, ಮಾಸ್ತರರ ದನಿ, ಒಳಗೆ ಸಿಕ್ಕ ಜಾಗ ಮೂರೂ ಸೇರಿ ಆದದ್ದೊಂದು ಕೃತಿ, ಅದಕ್ಕಾಗಿ. ಅದನ್ನು ಯಾರೂ ಮುದ್ರಿಸಿಟ್ಟಿಲ್ಲ. ಹಳೆಯ ಧಾರಾವಾಹಿಗಳ ಬಗ್ಗೆ ಬರೆಯುವಾಗ ಪರದೆಯನ್ನಷ್ಟೇ ನೋಡಿ ‘ಚೆನ್ನಾಗಿತ್ತು’, ‘ಬಾಲಿಶವಾಗಿತ್ತು’ ಎಂದು ತೀರ್ಪು ಕೊಟ್ಟರೆ ಅರ್ಧ ಪಠ್ಯವನ್ನೇ ಬಿಟ್ಟಂತೆ.

ಮೊಬೈಲನ್ನು ಆಯಿಯ ಕೈಗೆ ಕೊಟ್ಟೆ. ಸ್ವಲ್ಪ ಹೊತ್ತು ನೋಡಿ, “ಇದು ಅದಲ್ಲ” ಎಂದಳು. ನಾನು ಕನ್ನಡದಲ್ಲಿ ಹೇಳತೊಡಗಿದೆ; ಆಯಿ ತಲೆಯಾಡಿಸುತ್ತ ಕೇಳಿದಳು. ಅಬ್ರಹಾಮ ಮಗನನ್ನು ಕರೆದುಕೊಂಡು ಬೆಟ್ಟ ಹತ್ತುವಲ್ಲಿಗೆ ಬಂದಾಗ ನನ್ನ ಕೈ ಹಿಡಿದಳು.

“ಇಲ್ಲಿ ಸುಮ್ನಿರು. ಮಾಸ್ತರು ಇಲ್ಲಿ ಏನೂ ಹೇಳ್ತಿರ್ಲಿಲ್ಲ.”