ಬೆಳೆಯಗೊಡದ ಪ್ರೋಟೀನ್: ಮಾರ್ಟಿನ್ ಶ್ವಾಬ್ ಅವರ ಬೆನ್ನುಹುರಿ ಸಂಶೋಧನೆ

ಪೆಟ್ಟಾದ ಬೆನ್ನುಹುರಿಯ ನರತಂತುಗಳು ಮತ್ತೆ ಏಕೆ ಬೆಳೆಯುವುದಿಲ್ಲ ಎಂಬುದು ಸ್ವಿಟ್ಜರ್ಲೆಂಡಿನ ನರವಿಜ್ಞಾನಿ ಮಾರ್ಟಿನ್ ಶ್ವಾಬ್ ನಾಲ್ಕು ದಶಕ ಬಿಡದೆ ಹಿಡಿದ ಪ್ರಶ್ನೆ. ಕೈಕಾಲಿನ ನರ ತುಂಡಾದರೆ ಅದರ ತಂತುಗಳು ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಮರಳಿ ಬೆಳೆದು ಸ್ನಾಯುವನ್ನು ಮುಟ್ಟಬಲ್ಲವು. ಬೆನ್ನುಹುರಿಯಲ್ಲಿ ತುಂಡಾದ ತುದಿ ಅಲ್ಪಸ್ವಲ್ಪ ಚಿಗುರಿ ನಿಂತುಬಿಡುತ್ತದೆ. ಸ್ಪೇನಿನ ರಮೋನ್ ಇ ಕಹಾಲ್ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಇದನ್ನು ಸೂಕ್ಷ್ಮದರ್ಶಕದಡಿ ಕಂಡು ದಾಖಲಿಸಿದ್ದರು. ಪ್ರೌಢ ನರಕೋಶದ ಹುಟ್ಟುಗುಣವೇ ಅದು ಎಂದು ಬಹುಕಾಲ ಬಗೆಯಲಾಗಿತ್ತು. 1981ರಲ್ಲಿ ಮಾಂಟ್ರಿಯಲ್‌ನ ಸ್ಯಾಮ್ಯುಯೆಲ್ ಡೇವಿಡ್ ಮತ್ತು ಆಲ್ಬರ್ಟ್ ಅಗ್ವಾಯೊ ಪ್ರೌಢ ಇಲಿಗಳ ಮಿದುಳಿನ ಬುಡದಿಂದ ಬೆನ್ನುಹುರಿಗೆ ಕಾಲಿನ ನರದ ತುಂಡನ್ನು ಕಸಿ ಮಾಡಿದಾಗ, ಕೇಂದ್ರ ನರಮಂಡಲದ ತಂತುಗಳು ಅದರೊಳಗೆ ಸುಮಾರು 3 ಸೆಂಟಿಮೀಟರ್ ಬೆಳೆದವು. ಕಸಿಯನ್ನು ದಾಟಿ ಬೆನ್ನುಹುರಿಗೆ ಮರಳಿದೊಡನೆ ನಿಂತವು. ತೊಡಕು ಕೋಶದಲ್ಲಿಲ್ಲ, ಸುತ್ತಲ ಅಂಗಾಂಶದಲ್ಲಿದೆ ಎಂಬ ಗುಮಾನಿ ಬಲವಾಯಿತು.

ಆ ಅಂಗಾಂಶದಲ್ಲಿ ಪೋಷಣೆಯ ಕೊರತೆಯಿದೆಯೇ, ಅಥವಾ ತಡೆಯುವ ವಸ್ತುವೇ ಇದೆಯೇ? ಶ್ವಾಬ್ ಮತ್ತು ಹ್ಯಾನ್ಸ್ ಥೋನೆನ್ 1985ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ನೇರವಾಗಿ ಬಿಡಿಸಿತು. ಗಾಜಿನ ತಟ್ಟೆಯಲ್ಲಿ ಬೆಳೆಸಿದ ನರಕೋಶಗಳ ಎದುರು ಕಾಲಿನ ನರದ ಒಂದು ತುಂಡು, ಕೇಂದ್ರ ನರಮಂಡಲಕ್ಕೆ ಸೇರಿದ ಕಣ್ಣಿನ ನರದ ಒಂದು ತುಂಡು ಇಡಲಾಯಿತು. ಬೆಳವಣಿಗೆಗೆ ಬೇಕಾದ ಅಂಶಗಳು ಎರಡೂ ಕಡೆ ಧಾರಾಳವಾಗಿದ್ದರೂ ತಂತುಗಳು ಕಾಲಿನ ನರದೊಳಗೆ ನುಗ್ಗಿದವು, ಕಣ್ಣಿನ ನರವನ್ನು ಹೊಗಲಿಲ್ಲ; ಕೊರತೆಯಲ್ಲ, ತಡೆಯೇ ಕಾರಣ. ಶ್ವಾಬ್ ಅವರ ಇಡೀ ಸಾಧನೆಯಲ್ಲಿ ಇದಕ್ಕಿಂತ ಅಚ್ಚುಕಟ್ಟಾದ ಪ್ರಯೋಗ ಇನ್ನೊಂದಿಲ್ಲ.

ಜ್ಯೂರಿಕ್ ವಿಶ್ವವಿದ್ಯಾಲಯದಲ್ಲಿ ಅವರು ಮತ್ತು ಪಿಕೊ ಕರೋನಿ 1988ರಲ್ಲಿ ಕೇಂದ್ರ ನರಮಂಡಲದ ಮಯಲಿನ್ ಹೊದಿಕೆಯಿಂದ ಬೆಳವಣಿಗೆ ತಡೆಯುವ ಪ್ರೋಟೀನ್‌ಗಳನ್ನು ಬೇರ್ಪಡಿಸಿ, ಅವುಗಳ ವಿರುದ್ಧ ಐಎನ್-1 ಎಂಬ ಪ್ರತಿಕಾಯವನ್ನು ತಯಾರಿಸಿದರು. 1990ರಲ್ಲಿ ಲಿಸಾ ಶ್ನೆಲ್ ಜೊತೆ ಪ್ರಕಟಿಸಿದ ಫಲಿತಾಂಶ ವೈದ್ಯಲೋಕವನ್ನೇ ಎಚ್ಚರಿಸಿತು: ಪ್ರತಿಕಾಯ ಪಡೆದ ಎಳೆಯ ಇಲಿಗಳಲ್ಲಿ ಎರಡು-ಮೂರು ವಾರಗಳಲ್ಲಿ ತಂತುಗಳು ಬೆನ್ನುಹುರಿಯ ಗಾಯದ ಕೆಳಗೆ 7ರಿಂದ 11 ಮಿಲಿಮೀಟರ್ ತಲುಪಿದವು, ಪ್ರತಿಕಾಯ ಸಿಗದ ಇಲಿಗಳಲ್ಲಿ ಒಂದು ಮಿಲಿಮೀಟರ್ ದಾಟಿದ್ದೇ ಅಪರೂಪ. ಆದರೆ ಹಾಗೆ ದೂರ ಸಾಗಿದ ತಂತುಗಳ ಪಾಲು ತೀರ ಸಣ್ಣದು. ಸಂಭ್ರಮದಲ್ಲಿ ಈ ಮಾತು ಹಿಂದೆ ಬಿತ್ತು.

2000ದಲ್ಲಿ ಮೂರು ತಂಡಗಳು ಏಕಕಾಲದಲ್ಲಿ ಐಎನ್-1 ಗುರಿಯಿಟ್ಟ ಪ್ರೋಟೀನಿನ ಜೀನ್ ಗುರುತಿಸಿದವು. ಅದಕ್ಕೆ ನೋಗೊ-ಎ ಎಂಬ ಹೆಸರು ನಿಂತಿತು. ಸಿದ್ಧಾಂತದ ನಿಜವಾದ ಅಗ್ನಿಪರೀಕ್ಷೆ ಬಂದದ್ದು 2003ರಲ್ಲಿ. ಸಿದ್ಧಾಂತ ಸರಿಯಿದ್ದರೆ, ನೋಗೊ ಜೀನನ್ನು ಕೆಡಿಸಿದ ಸುಂಡಿಲಿಗಳ ಬೆನ್ನುಹುರಿಯ ತಂತುಗಳು ಮರುಬೆಳೆಯಬೇಕಿತ್ತು. ಮೂರು ಪ್ರಯೋಗಾಲಯಗಳು ಒಂದೇ ಪತ್ರಿಕೆಯಲ್ಲಿ ಮೂರು ಉತ್ತರ ಕೊಟ್ಟವು: ಸ್ಟ್ರಿಟ್‌ಮ್ಯಾಟರ್ ತಂಡಕ್ಕೆ ಗಣನೀಯ ಬೆಳವಣಿಗೆ, ಶ್ವಾಬ್ ತಂಡಕ್ಕೆ ಸಾಧಾರಣ, ಟೆಸಿಯರ್-ಲವಿನ್ ತಂಡಕ್ಕೆ ಏನೂ ಇಲ್ಲ. ಸುಂಡಿಲಿಗಳ ತಳಿಭೇದದಿಂದ ಫಲಿತಾಂಶ ಬದಲಾಗುತ್ತದೆಂದು ಶ್ವಾಬ್ ತಂಡ 2006ರಲ್ಲಿ ತೋರಿಸಿತು. ಈ ವಿವರಣೆ ಸಾಧುವೇ; ಆದರೂ ಅದು ಒಪ್ಪಿಕೊಳ್ಳುವುದು ದೊಡ್ಡ ಸಂಗತಿಯನ್ನೇ. ತಳಿ ಬದಲಾದರೆ ಅಳುಕುವ ಪರಿಣಾಮ ಒಂದೇ ಅಣುವಿನ ಮೇಲೆ ನಿಂತಿರಲಾರದು. ಗಾಯದ ಕಲೆಯಲ್ಲಿರುವ ಕಾಂಡ್ರಾಯ್ಟಿನ್ ಸಲ್ಫೇಟ್ ಕೂಡ ತಂತುಗಳನ್ನು ತಡೆಯುತ್ತದೆ. ಪಿಟೆನ್ ಎಂಬ ಜೀನನ್ನು ತೆಗೆದರೆ ಪ್ರೌಢ ಸುಂಡಿಲಿಯ ನರಕೋಶ ತಾನಾಗಿಯೇ ಬೆಳೆಯುವ ಕಸುವು ಪಡೆಯುತ್ತದೆಂದು 2010ರಲ್ಲಿ ತಿಳಿಯಿತು. ಕೋಶದ ಒಳಗುಣವನ್ನು ಬದಿಗಿಟ್ಟದ್ದು ಅವಸರದ ತೀರ್ಮಾನವಾಗಿತ್ತು.

ಇನ್ನೊಂದು ಆಕ್ಷೇಪ ಇನ್ನೂ ಮುಖ್ಯ. ಚೇತರಿಕೆಯೆಂದರೆ ತುಂಡಾದ ತಂತುಗಳ ಮರುಬೆಳವಣಿಗೆಯೇ, ಉಳಿದ ತಂತುಗಳು ಕವಲೊಡೆದು ಹೊಸ ದಾರಿ ಕಟ್ಟಿಕೊಳ್ಳುವುದೇ? 2006ರಲ್ಲಿ ಪ್ರತಿಕಾಯ ಪಡೆದ ಮಂಗಗಳು ಬೆರಳ ಚಳಕವನ್ನು ಹೆಚ್ಚಾಗಿ ಮರಳಿ ಪಡೆದಾಗ, ಕಂಡದ್ದು ಬಹುಪಾಲು ಎರಡನೆಯದು. ಆ ಪ್ರಾಣಿಗಳ ಬೆನ್ನುಹುರಿ ಪೂರ್ತಿ ತುಂಡಾಗಿರಲಿಲ್ಲ ಎಂಬುದನ್ನು ಮರೆಯುವಂತಿಲ್ಲ. ತರಬೇತಿಯ ಹೊತ್ತೂ ನಿರ್ಣಾಯಕ: ಪಾರ್ಶ್ವವಾಯುವಿನ ಇಲಿಗಳಲ್ಲಿ ಮೊದಲು ಪ್ರತಿಕಾಯ, ನಂತರ ವ್ಯಾಯಾಮ ಕೊಟ್ಟಾಗ ಕೈಚಳಕ ಮರಳಿತು, ಎರಡನ್ನೂ ಒಟ್ಟಿಗೆ ಕೊಟ್ಟಾಗ ಫಲ ಕೆಟ್ಟಿತು. 2014ರ ಈ ಕಂಡುಕೊಳ್ಳುವಿಕೆ ಔಷಧಿಯಷ್ಟೇ ಬೆಲೆಯುಳ್ಳದ್ದು, ಆದರೆ ಅದಕ್ಕೆ ದೊರೆತ ಗಮನ ಕಡಿಮೆ.

ನೋಗೊ-ಎ ವಿರುದ್ಧದ ಪ್ರತಿಕಾಯದ ಮನುಷ್ಯರ ಮೇಲಿನ ಮೊದಲ ಪರೀಕ್ಷೆ 52 ರೋಗಿಗಳಲ್ಲಿ ಸುರಕ್ಷತೆಯನ್ನಷ್ಟೇ ಸ್ಥಾಪಿಸಿತು. ನಂತರ ಯುರೋಪಿನ ಹಲವು ಆಸ್ಪತ್ರೆಗಳಲ್ಲಿ ಕುತ್ತಿಗೆಯ ಬಳಿ ಬೆನ್ನುಹುರಿಗೆ ಇತ್ತೀಚೆಗೆ ಪೆಟ್ಟಾಗಿದ್ದ 126 ಜನರಿಗೆ ಬೆನ್ನುಹುರಿಯ ದ್ರವದೊಳಗೆ ಪ್ರತಿಕಾಯ ಅಥವಾ ಪ್ಲಾಸಿಬೊ ನೀಡಲಾಯಿತು. ಯಾರಿಗೆ ಏನು ಎಂಬುದು ವೈದ್ಯರಿಗೂ ರೋಗಿಗಳಿಗೂ ಗೊತ್ತಿರಲಿಲ್ಲ. 'ಲ್ಯಾನ್ಸೆಟ್ ನ್ಯೂರಾಲಜಿ'ಯಲ್ಲಿ ಬಂದ ಫಲಿತಾಂಶದಂತೆ, ಆರು ತಿಂಗಳ ನಂತರ ತೋಳುಗಳ ಬಲದಲ್ಲಿ ಎರಡು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸವಿರಲಿಲ್ಲ. ಚಲನೆ ಭಾಗಶಃ ಉಳಿದಿದ್ದವರಲ್ಲಿ ಮಾತ್ರ ಸುಧಾರಣೆಯ ಸುಳಿವು ಸಿಕ್ಕಿತು. ಮುಖ್ಯ ಗುರಿ ತಪ್ಪಿದ ಪರೀಕ್ಷೆಯ ಉಪಗುಂಪಿನಲ್ಲಿ ದೊರೆತ ಸುಳಿವನ್ನು ಪುರಾವೆ ಎನ್ನಲಾಗದು. ಆದರೂ ಅದು ಮಂಗಗಳಲ್ಲಿ ಕಂಡದ್ದಕ್ಕೆ ಹೊಂದುತ್ತದೆ: ಉಳಿದ ತಂತುಗಳಿದ್ದಲ್ಲಿ ಕವಲೊಡೆಯಲು ನೆಲೆಯಿರುತ್ತದೆ. ಇದನ್ನು ದೃಢಪಡಿಸಲು ಅಂಥ ರೋಗಿಗಳನ್ನಷ್ಟೇ ಆರಿಸಿ ಪ್ರತ್ಯೇಕ ಪರೀಕ್ಷೆ ನಡೆಯಬೇಕು.