ಎಮಿಯ ಪೆನ್ಸಿಲ್ಲು

ಲೂಯಿಸಾ ಮೇ ಆಲ್ಕಾಟ್ ಅವರ ‘ಲಿಟಲ್ ವಿಮೆನ್’ (1868) ಕಾದಂಬರಿಯನ್ನು ತ್ಯಾಗದ ಪಾಠವೆಂದು ಓದುವುದು ರೂಢಿ. ಅದರ ಮೊದಲ ಅಧ್ಯಾಯ ನನಗೆ ಆಸೆಯ ಕತೆಯಾಗಿಯೇ ಕಾಣುತ್ತದೆ. ಅಮೆರಿಕದ ಅಂತರ್ಯುದ್ಧದ ಚಳಿಗಾಲ. ತಂದೆ ಸೈನ್ಯದ ಜೊತೆ ದೂರದಲ್ಲಿದ್ದಾನೆ. ಈ ಕ್ರಿಸ್‌ಮಸ್ಸಿಗೆ ಉಡುಗೊರೆ ಬೇಡವೆಂದು ತಾಯಿ ಹೇಳಿದ್ದಾಳೆ. ನಾಲ್ವರು ಅಕ್ಕತಂಗಿಯರ ಬಳಿ ತಲಾ ಒಂದು ಡಾಲರ್ ಇದೆ. ಯಾರನ್ನೂ ಏನನ್ನೂ ಕೇಳುವಂತಿಲ್ಲ. ಏನು ಬೇಕೆಂದು ತಾವೇ ತೀರ್ಮಾನಿಸಬೇಕು.

ಮೆಗ್‌ಳದು ಮಸುಕು ಆಸೆ, ಏನೋ ಚೆಂದದ ವಸ್ತುಗಳು. ಜೋಗೆ ಪುಸ್ತಕ, ಅದೂ ಹೆಸರು ಹಿಡಿದು. ಎಮಿಗೆ ಫೇಬರ್ ಡ್ರಾಯಿಂಗ್ ಪೆನ್ಸಿಲ್‌ಗಳ ಡಬ್ಬಿ. ಬೆತ್‌ಗೆ ಹೊಸ ಸಂಗೀತದ ಹಾಳೆಗಳು. ಹಾಗೆಂದು ಅವಳು ಬಿಡುವ ನಿಟ್ಟುಸಿರು ಒಲೆಯ ಬಳಿಯ ಪೊರಕೆಗೂ ಕೆಟಲ್ ಹಿಡಿಯುವ ಬಟ್ಟೆಗೂ ಮಾತ್ರ ಕೇಳಿಸುತ್ತದೆ. ಈ ಒಂದು ವಿವರಕ್ಕಾಗಿ ಆಲ್ಕಾಟ್ ಅವರ ಎಷ್ಟೋ ಉಪದೇಶವನ್ನು ನಾನು ಮನ್ನಿಸಿದ್ದೇನೆ.

ಆಮೇಲೆ ಹುಡುಗಿಯರು ಮನಸ್ಸು ಬದಲಿಸಿ, ತಾಯಿಗೇ ಉಡುಗೊರೆ ಕೊಳ್ಳೋಣ ಎನ್ನುತ್ತಾರೆ. ಎಮಿ ಸಣ್ಣ ಕೊಲೋನ್ ಬಾಟಲಿ ಆರಿಸುತ್ತಾಳೆ, ಪೆನ್ಸಿಲ್ಲಿಗೂ ಸ್ವಲ್ಪ ದುಡ್ಡು ಉಳಿಯಲಿ ಎಂದು. ಇಡೀ ಅಧ್ಯಾಯದಲ್ಲಿ ನನಗೆ ತೀರಾ ನಿಜವೆನಿಸುವ ಲೆಕ್ಕ ಇದು. ಹನ್ನೆರಡರ ಹುಡುಗಿಗೆ ತಾಯಿಯ ಮೇಲೂ ಪ್ರೀತಿ, ಚಿತ್ರ ಬರೆಯುವುದರ ಮೇಲೂ ಪ್ರೀತಿ. ಆದರೆ ಮುಂದಿನ ಅಧ್ಯಾಯದಲ್ಲೇ ಅವಳು ನಾಚಿಕೆಪಟ್ಟು ಅಂಗಡಿಗೆ ಓಡಿ, ಉಳಿದ ದುಡ್ಡನ್ನೂ ಕೊಟ್ಟು ದೊಡ್ಡ ಬಾಟಲಿ ತರುತ್ತಾಳೆ. ಅಕ್ಕಂದಿರು ಮೆಚ್ಚುತ್ತಾರೆ. ನನಗೆ ಮಾತ್ರ ಪ್ರತಿ ಸಲವೂ ಇಲ್ಲಿ ಮುನಿಸು. ಎರಡು ಪ್ರೀತಿಗಳನ್ನು ಒಂದೇ ಡಾಲರಿನಲ್ಲಿ ಹೊಂದಿಸಿದ್ದ ಮಗುವನ್ನು ಇಷ್ಟು ಅವಸರದಲ್ಲಿ ತಿದ್ದಬೇಕಿತ್ತೇ? ಅಂದು ಬೆಳಿಗ್ಗೆ ಎಮಿಯ ದಿಂಬಿನಡಿ ತಾಯಿ ಇಟ್ಟಿದ್ದು ನೀಲಿ ರಟ್ಟಿನ ಒಂದು ಪುಸ್ತಕ.