ಮಾಸ್ತರಾಗುವವರ ಬರವಣಿಗೆ: ಕೆಂಪು ಮಸಿಯ ವಿಚಾರ

ದಲಿತ ವಿಮರ್ಶೆಯ ಮಾತು ಬಂದಾಗಲೆಲ್ಲ ನಾವು ವಿಚಾರ ಸಂಕಿರಣಗಳನ್ನು, ಪತ್ರಿಕೆಯ ಪುಸ್ತಕ ವಿಮರ್ಶೆಗಳನ್ನು, ಪ್ರಶಸ್ತಿ ಸಮಿತಿಗಳನ್ನು ಕುರಿತು ಚರ್ಚಿಸುತ್ತೇವೆ. ಆದರೆ ಕೇರಿಯಿಂದ ಬಂದ ಬರಹಗಾರನಿಗೆ ಮೊದಲು ಎದುರಾಗುವ ವಿಮರ್ಶಕ ನಾಲ್ಕನೆಯ ಇಯತ್ತೆಯ ಮಾಸ್ತರ. ಮಗು ಬರೆದ ಐದು ಸಾಲಿನ ಮೇಲೆ ಕೆಂಪು ಮಸಿಯ ಗೀಟು ಎಳೆಯುವ ಆ ಕೈಯೇ ಯಾವುದು ಬರವಣಿಗೆ, ಯಾವುದು ಬರವಣಿಗೆ ಅನಿಸಿಕೊಳ್ಳಲಾರದು ಎಂಬುದನ್ನು ಮೊದಲ ಸಲ ತೀರ್ಮಾನಿಸುತ್ತದೆ. ಆ ತೀರ್ಮಾನದ ಮೇಲೆ ಅಪೀಲು ಇಲ್ಲ. ಹೀಗಾಗಿ, ಮಾಸ್ತರಾಗಲು ಹೊರಟ ಹುಡುಗ ಹುಡುಗಿಯರು ತಾವು ಬರಹಗಾರರಾಗಿ ಹೇಗೆ ಬೆಳೆಯುತ್ತಾರೆ ಎಂಬ ಪ್ರಶ್ನೆಯನ್ನು ಶಿಕ್ಷಣಶಾಸ್ತ್ರದವರಿಗೆ ಬಿಟ್ಟುಕೊಟ್ಟು ನಾವು ಸುಮ್ಮನಿರುವಂತಿಲ್ಲ. ಅದು ದಲಿತ ವಿಮರ್ಶೆಯ ಒಳಗಿನ ಪ್ರಶ್ನೆಯೇ ಆಗಿದೆ.

ನಾನು ಬೆಳಗಾವಿಯ ಒಂದು ಬಿ.ಎಡ್. ಕಾಲೇಜಿನಲ್ಲಿ ಕನ್ನಡ ಬೋಧನೆಯ ಪಾಠ ಮಾಡುತ್ತೇನೆ. ಹುಟ್ಟಿ ಬೆಳೆದದ್ದು ಖಾನಾಪುರ ತಾಲೂಕಿನ ಒಂದು ಕೇರಿಯಲ್ಲಿ. ನನ್ನ ತರಗತಿಯಲ್ಲಿ ಕೂರುವ ಪ್ರಶಿಕ್ಷಣಾರ್ಥಿಗಳಲ್ಲಿ ಬಹಳಷ್ಟು ಮಂದಿ ತಮ್ಮ ಮನೆತನದಲ್ಲಿ ಕಾಲೇಜು ಕಟ್ಟೆ ಹತ್ತಿದ ಮೊದಲಿಗರು. "ನಿಮ್ಮೊಳಗ ಬರಿಯಾವ್ರು ಯಾರ್ಯಾರ ಇದ್ದೀರಿ?" ಎಂದು ಕೇಳಿದರೆ ಇಬ್ಬರೋ ಮೂವರೋ ಕೈ ಎತ್ತುತ್ತಾರೆ, ಅದೂ ಕವಿತೆ ಬರೆಯುವವರು. ದಿನಕ್ಕೆ ಹತ್ತು ಪುಟ ಪಾಠಯೋಜನೆ, ದಿನಚರಿ, ಅರ್ಜಿ ಬರೆಯುವ ಉಳಿದವರು ತಾವು ಬರೆಯುವವರೆಂದು ತಿಳಿದೇ ಇಲ್ಲ. ಬರವಣಿಗೆ ಎಂದರೆ ಕಾವ್ಯ, ಕತೆ ಎಂಬ ಈ ತಿಳುವಳಿಕೆ ಎಲ್ಲಿಂದ ಬಂತು? ನಮ್ಮ ಚರಿತ್ರೆಯಂತೂ ಹಾಗೆ ಹೇಳುವುದಿಲ್ಲ.

ಸಾವಿತ್ರಿಬಾಯಿ ಫುಲೆ ಮೊದಲು ಶಿಕ್ಷಕಿಯ ತರಬೇತಿ ಪಡೆದವರು. 1848ರಲ್ಲಿ ಪುಣೆಯಲ್ಲಿ ಶಾಲೆ ಆರಂಭಿಸಿದರು. ಆರು ವರ್ಷಗಳ ಅನಂತರ, 1854ರಲ್ಲಿ, ಅವರ ‘ಕಾವ್ಯಫುಲೆ’ ಪ್ರಕಟವಾಯಿತು. ಅಂದರೆ ಮೊದಲು ಪಾಟಿ, ಆಮೇಲೆ ಪದ್ಯ. ಅದಕ್ಕಿಂತ ಮುಖ್ಯವಾದದ್ದು ಅದರ ಮರುವರ್ಷ ನಡೆಯಿತು. ಫುಲೆ ದಂಪತಿಗಳ ಶಾಲೆಯಲ್ಲಿ ಓದುತ್ತಿದ್ದ ಮುಕ್ತಾ ಸಾಳವೆ ಎಂಬ ಮಾಂಗ ಜಾತಿಯ ಎಳೆಯ ಹುಡುಗಿ ಮಾಂಗ-ಮಹಾರರ ದುಃಖವನ್ನು ಕುರಿತು ಒಂದು ನಿಬಂಧ ಬರೆದಳು. ಅದು 1855ರಲ್ಲಿ ‘ಜ್ಞಾನೋದಯ’ ಪತ್ರಿಕೆಯಲ್ಲಿ ಅಚ್ಚಾಯಿತು. ವೇದ ಬ್ರಾಹ್ಮಣರದ್ದೆಂದಾದರೆ ನಮ್ಮ ಧರ್ಮ ಯಾವುದು ಎಂದು ಆ ಹುಡುಗಿ ನೇರವಾಗಿ ಕೇಳಿದ್ದಳು. ದಲಿತ ಹೆಣ್ಣಿನ ದನಿ ಮೊದಲು ಅಚ್ಚಾದದ್ದು ಹೀಗೆ, ಸಾಲಿಯ ನಿಬಂಧದ ರೂಪದಲ್ಲಿ. ಆ ಪುಟಗಳನ್ನು ಮೊದಲು ಓದಿದ ಮಾಸ್ತರು ಕೆಂಪು ಗೀಟು ಎಳೆದು ಬದಿಗಿಟ್ಟಿದ್ದರೆ ಇಂದು ನಾವು ಅದನ್ನು ಓದುತ್ತಿರಲಿಲ್ಲ.

ಇನ್ನೊಂದು ಬರಹ ನಮ್ಮ ಮಗ್ಗುಲಿನದೇ. 1856ರಲ್ಲಿ ಧಾರವಾಡದ ಸರಕಾರಿ ಶಾಲೆಯಲ್ಲಿ ಪ್ರವೇಶ ಸಿಗದ ಒಬ್ಬ ಮಹಾರ ಹುಡುಗ ಮುಂಬಯಿ ಸರಕಾರಕ್ಕೆ ಅರ್ಜಿ ಬರೆದ. ಈತನೊಬ್ಬನ ಸಲುವಾಗಿ ಉಳಿದವರು ಶಾಲೆ ಬಿಟ್ಟರೆ ಹೇಗೆ ಎಂಬ ಧಾಟಿಯಲ್ಲಿ ಸರಕಾರ ಕೈ ತೊಳೆದುಕೊಂಡಿತು. ಆದರೆ ಅರ್ಜಿ ಅಲ್ಲಿಗೇ ನಿಲ್ಲಲಿಲ್ಲ. ವಿಷಯ ಮೇಲಕ್ಕೆ ಹೋಗಿ, ಸರಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕೆಂದು 1858ರಲ್ಲಿ ಕಂಪನಿಯ ನಿರ್ದೇಶಕ ಮಂಡಳಿ ಹೇಳಬೇಕಾಯಿತು. 1928ರಲ್ಲಿ ಸೈಮನ್ ಆಯೋಗದ ಮುಂದೆ ಅಸ್ಪೃಶ್ಯರ ಶಿಕ್ಷಣದ ಸ್ಥಿತಿಯನ್ನು ಇಟ್ಟಾಗ ಅಂಬೇಡ್ಕರ್ ಅವರು ಈ ಧಾರವಾಡದ ಪ್ರಕರಣವನ್ನು ಮತ್ತೆ ಎತ್ತಿದರು. ಒಂದು ಅರ್ಜಿ ಎಪ್ಪತ್ತು ವರ್ಷ ಬದುಕಿದ್ದು ಹೀಗೆ. ಎಷ್ಟು ಕವನ ಸಂಕಲನಗಳಿಗೆ ಇಷ್ಟು ಆಯುಷ್ಯವಿದೆ?

ನಿಬಂಧ ಮತ್ತು ಅರ್ಜಿ, ಇವೆರಡೂ ಶಾಲೆಯ ಬಾಗಿಲ ಬಳಿ ಹುಟ್ಟಿದ ಪ್ರಕಾರಗಳು. ನಮ್ಮ ಸಾಹಿತ್ಯ ಚರಿತ್ರೆಗಳು ಇವುಗಳಿಗೆ ಸಾಹಿತ್ಯದ ಪಟ್ಟ ಕಟ್ಟಿಲ್ಲ. ಕಟ್ಟದಿದ್ದುದರ ಫಲವಾಗಿಯೇ ನಾಳಿನ ಮಾಸ್ತರ ತಾನು ದಿನಾಲೂ ಬರೆಯುವುದನ್ನು ಬರವಣಿಗೆ ಎಂದು ಒಪ್ಪಲಾರ.

ಜೋತಿಬಾ ಫುಲೆ 1882ರಲ್ಲಿ ಹಂಟರ್ ಆಯೋಗಕ್ಕೆ ಕೊಟ್ಟ ನಿವೇದನೆಯಲ್ಲಿ, ಪ್ರಾಥಮಿಕ ಶಾಲೆಯ ಮಾಸ್ತರಿಕೆ ಬಹುತೇಕ ಬ್ರಾಹ್ಮಣರ ಕೈಯಲ್ಲಿದೆ, ಅದು ದುಡಿಯುವ ವರ್ಗದಿಂದ ಬಂದವರಿಗೆ ಸಿಗಬೇಕು ಎಂದು ವಾದಿಸಿದರು. ಮಕ್ಕಳೊಡನೆ ಬೆರೆಯಬಲ್ಲ, ನೇಗಿಲ ಮೇಣಿ ಹಿಡಿಯಲು ನಾಚದ ಮಾಸ್ತರರು ಅವರಿಗೆ ಬೇಕಾಗಿದ್ದರು. ಬೆಳಗಾವಿ, ಧಾರವಾಡಗಳು ಆಗ ಮುಂಬಯಿ ಇಲಾಖೆಯಲ್ಲೇ ಇದ್ದುದರಿಂದ ಈ ಬೇಡಿಕೆ ನಮ್ಮ ಸಾಲಿಗಳಿಗೂ ಸೇರಿದ್ದು. ಇಂದು ಆ ಬೇಡಿಕೆಯ ಅರ್ಧ ಭಾಗ ಈಡೇರಿದೆ. ಮೀಸಲಾತಿ, ಹಾಸ್ಟೆಲು, ಚಳವಳಿಗಳ ಬಲದಿಂದ ಕೇರಿಯ ಮಕ್ಕಳು ಮಾಸ್ತರ ಕುರ್ಚಿಯವರೆಗೆ ಬಂದಿದ್ದಾರೆ. ಆದರೆ ಅವರ ಕೈಯಲ್ಲಿರುವ ಲೇಖಣಿಯ ಭಾಷೆ? ಅದು ಇನ್ನೂ ಹಳೇ ಮಾಸ್ತರದೇ.

ಇದನ್ನು ಉದಾಹರಣೆಯೊಂದಿಗೆ ನೋಡಬಹುದು. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯಂತೆ 2015ರಿಂದ ಬಿ.ಎಡ್. ಎರಡು ವರ್ಷದ್ದಾಯಿತು. ಪಠ್ಯಗಳನ್ನು ಓದಿ ಚಿಂತಿಸುವುದು, ತನ್ನನ್ನು ತಾನು ಅರಿಯುವುದು ಎಂಬ ವಿಷಯಗಳು ಸೇರಿಕೊಂಡವು. ಶಾಲಾ ಇಂಟರ್ನ್‌ಷಿಪ್ ಕಾಲದಲ್ಲಿ ಪ್ರಶಿಕ್ಷಣಾರ್ಥಿ ತನ್ನ ಅನುಭವ ಕುರಿತು ದಿನಚರಿ ಬರೆಯಬೇಕು. ಕಾಗದದ ಮೇಲೆ ಇದು ಒಳ್ಳೆಯ ಅವಕಾಶವೇ. ಆದರೆ ನನ್ನ ಮೇಜಿನ ಮೇಲೆ ಬಂದು ಬೀಳುವ ದಿನಚರಿಗಳಲ್ಲಿ ಸಾಲುಗಳು ಒಂದೇ ಅಚ್ಚಿನವು: ಪಾಠವನ್ನು ಯಶಸ್ವಿಯಾಗಿ ಬೋಧಿಸಲಾಯಿತು, ವಿದ್ಯಾರ್ಥಿಗಳು ಉತ್ಸಾಹದಿಂದ ಭಾಗವಹಿಸಿದರು.

ಖಾನಾಪುರ ಕಡೆಯ ಒಂದು ಸಾಲಿಗೆ ಇಂಟರ್ನ್‌ಷಿಪ್‌ಗೆ ಹೋಗಿದ್ದ ಒಬ್ಬ ಹುಡುಗಿಯ ದಿನಚರಿಯಲ್ಲೂ ಇದೇ ಸಾಲಿತ್ತು. ಅದೇ ದಿನದ ಬಗ್ಗೆ ಬೆಳಗಾವಿಗೆ ಬರುವ ಬಸ್ಸಿನಲ್ಲಿ ಆಕೆ ಹೇಳಿದ್ದೇ ಬೇರೆ. "ಮೇಡಂ, ಐದನೇತ್ತಾ ಹುಡುಗಗ ನಿಮ್ಮಪ್ಪ ಏನ್ ಕೆಲ್ಸಾ ಮಾಡ್ತಾನಪಾ ಅಂತ ಕೇಳಿದ್ನಿರಿ. ಒಕ್ಕಲತನ ಅಂದ. ಅವರಪ್ಪ ಹಲಗಿ ಬಾರಸ್ತಾನಂತ ನಂಗ ಗೊತ್ತಿತ್ರಿ. ಅವರಿಗಿ ಒಂದ್ ಗುಂಟೇನೂ ಹೊಲ ಇಲ್ರಿ. ನಾ ಸಣ್ಣಾಕಿ ಇದ್ದಾಗ ನಾನೂ ಹಂಗ ಅಂದಿದ್ನಿರಿ." ಇದನ್ನೇಕೆ ಬರೆಯಲಿಲ್ಲವ್ವಾ ಎಂದೆ. "ಅದು ಬರಿಯೂದೇನ್ರಿ? ಮಾರ್ಕ್ಸ್ ಕಡಿಮಿ ಆದ್ರ?" ಎಂದಳು.

ಆಕೆಯ ಭಯ ಖಾಲಿ ಭಯವಲ್ಲ. ಬೇರೊಂದು ಕಡೆ ಹಿರಿಯ ಪರೀಕ್ಷಕರೊಬ್ಬರು ಇಂಥ ಪುಟವೊಂದರ ಬದಿಯಲ್ಲಿ ‘ಜಾತಿ ವಿಷಯ ಅನಾವಶ್ಯಕ’ ಎಂದು ಬರೆದದ್ದನ್ನು ನಾನೇ ನೋಡಿದ್ದೇನೆ.

ಇಲ್ಲಿ ವಿಮರ್ಶೆ ಮಾಡಬೇಕಾದ ಕೆಲಸವಿದೆ. ಆ ಎರಡು ಬರವಣಿಗೆಗಳ ವ್ಯಾಕರಣವನ್ನೇ ಹೋಲಿಸಿ ನೋಡಿ. ‘ಬೋಧಿಸಲಾಯಿತು’ ಎಂಬ ಕ್ರಿಯಾಪದದಲ್ಲಿ ಕರ್ತೃವಿಲ್ಲ. ಬೋಧಿಸಿದವಳು ಯಾರು, ಆಕೆ ಎಲ್ಲಿಂದ ಬಂದವಳು ಎಂಬುದು ಅಲ್ಲಿ ಅಳಿಸಿ ಹೋಗಿದೆ. ‘ವಿದ್ಯಾರ್ಥಿಗಳು’ ಎಂಬ ಬಹುವಚನದಲ್ಲಿ ಆ ಹುಡುಗ ಕಾಣೆಯಾಗಿದ್ದಾನೆ. ಬಸ್ಸಿನೊಳಗಿನ ಮಾತಿನಲ್ಲಾದರೆ ಕೇಳಿದವಳು ಇದ್ದಾಳೆ, ಸುಳ್ಳು ಹೇಳಿದವನಿದ್ದಾನೆ, ಆ ಸುಳ್ಳಿಗೆ ಕಾರಣವಾದ ಊರಿದೆ, ಎರಡು ತಲೆಮಾರಿನ ನಾಚಿಕೆಯಿದೆ. ಆ ಹುಡುಗಿ ಬರಹಗಾರ್ತಿಯಾಗಿ ಬೆಳೆಯುವುದೆಂದರೆ ಮೊದಲನೆಯ ವಾಕ್ಯದಿಂದ ಎರಡನೆಯದಕ್ಕೆ ದಾಟುವುದು. ಇದಕ್ಕೆ ಅಲಂಕಾರದ ಗೊಡವೆ ಬೇಡ. ವಾಕ್ಯಕ್ಕೆ ಕರ್ತೃವನ್ನು ಮರಳಿ ತಂದರೆ ಅರ್ಧ ದಾರಿ ಸವೆದಂತೆ.

‘ನಿಮ್ಮಪ್ಪ ಏನು ಕೆಲಸ ಮಾಡ್ತಾನ’ ಎಂಬ ಪ್ರಶ್ನೆಗೆ ಕನ್ನಡದಲ್ಲಿ ಒಂದು ದೊಡ್ಡ ಉತ್ತರವಿದೆ. ಸಿದ್ಧಲಿಂಗಯ್ಯನವರ ‘ಊರುಕೇರಿ’ಯ ಆರಂಭದಲ್ಲೇ ಹುಡುಗನೊಬ್ಬ ಹೊಲದಲ್ಲಿ ಎತ್ತುಗಳ ಜಾಗದಲ್ಲಿ ನೊಗಕ್ಕೆ ಹೆಗಲು ಕೊಟ್ಟ ಇಬ್ಬರು ಮನುಷ್ಯರನ್ನು ನೋಡುತ್ತಾನೆ. ಅವರಲ್ಲೊಬ್ಬ ಅವನ ಅಪ್ಪ. ಸಿದ್ಧಲಿಂಗಯ್ಯ ಅಲ್ಲಿ ದನಿ ಏರಿಸುವುದಿಲ್ಲ, ಕಂಡದ್ದನ್ನು ಹೇಳಿ ಮುಂದೆ ಹೋಗುತ್ತಾರೆ. ಮುಂದೆ ಅದೇ ಪುಸ್ತಕ ನಮ್ಮನ್ನು ನಗಿಸುತ್ತದೆ ಕೂಡ. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ (1994) ಇನ್ನೊಂದು ದಾರಿ ಹಿಡಿಯಿತು. ಸರಕಾರಿ ಸವಲತ್ತು ಪಡೆಯುವ ದಲಿತ ಹುಡುಗರನ್ನು ಹಂಗಿಸಲು ಬಳಸುವ ಮಾತನ್ನೇ ಪುಸ್ತಕದ ಹಣೆಯ ಮೇಲೆ ಬರೆದುಕೊಂಡಿತು. ಬೈಗುಳವೊಂದು ಶೀರ್ಷಿಕೆಯಾದಾಗ ಬೈದವರೇ ಅದನ್ನು ಉಚ್ಚರಿಸಲು ಹಿಂಜರಿಯಬೇಕಾಯಿತು. ಇಬ್ಬರೂ ಮುಂದೆ ವಿಶ್ವವಿದ್ಯಾಲಯಗಳಲ್ಲಿ ಕನ್ನಡ ಮೇಷ್ಟ್ರಾದವರು ಎಂಬುದನ್ನು ನನ್ನ ಪ್ರಶಿಕ್ಷಣಾರ್ಥಿಗಳಿಗೆ ನಾನು ಬೇಕೆಂದೇ ಹೇಳುತ್ತೇನೆ.

ಇನ್ನು ಭಾಷೆಯ ಪ್ರಶ್ನೆ. ದೇವನೂರ ಮಹಾದೇವರ ‘ಕುಸುಮಬಾಲೆ’ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆ ಕಾದಂಬರಿಯ ನಂಜನಗೂಡು ಸೀಮೆಯ ಮಾತನ್ನು ನಾವು ಬೆಳಗಾವಿಯಲ್ಲಿ ಕೂತು ಕಷ್ಟಪಟ್ಟು ಓದುತ್ತೇವೆ, ಹೊಗಳುತ್ತೇವೆ. ಆದರೆ ನಮ್ಮದೇ ತರಗತಿಯ ಹುಡುಗ ‘ಬಂದಿದ್ನಿರಿ’ ಎಂದು ಬರೆದರೆ ಗೀಟು ಎಳೆಯುತ್ತೇವೆ. ಖಾನಾಪುರದಲ್ಲಿ ಈ ಗೀಟು ಇನ್ನಷ್ಟು ಆಳವಾಗಿ ಇಳಿಯುತ್ತದೆ. ಅಲ್ಲಿ ಕನ್ನಡ ಸಾಲಿ, ಮರಾಠಿ ಸಾಲಿ ಒಂದೇ ಊರಲ್ಲಿವೆ. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಎರಡೂ ಬೆರೆತ ಮಾತು, ಪುಸ್ತಕದಲ್ಲಿ ಮೂರನೆಯದೇ ಕನ್ನಡ. ಗಡಿಯ ಜಗಳದಲ್ಲಿ ಎರಡೂ ಕಡೆಯವರು ಶುದ್ಧ ಭಾಷೆಯ ಹೆಸರು ಹೇಳುತ್ತಾರೆ. ಶುದ್ಧಿ ಎಂಬ ಶಬ್ದವನ್ನು ನಮ್ಮ ಜನ ಬೇರೆ ಎಲ್ಲೆಲ್ಲಿ ಕೇಳಿದ್ದಾರೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಂತ ಶಿಷ್ಟ ಕನ್ನಡ ಬೇಡ ಎನ್ನುವ ಹುಂಬತನ ನನಗಿಲ್ಲ. ಪರೀಕ್ಷೆ, ನೌಕರಿ, ಕಚೇರಿ, ಕೋರ್ಟು ಎಲ್ಲವೂ ಆ ಕನ್ನಡದಲ್ಲಿವೆ. ಅದನ್ನು ಕಲಿಸದ ಮಾಸ್ತರ ಕೇರಿಯ ಮಗುವಿಗೆ ದ್ರೋಹ ಮಾಡಿದಂತೆಯೇ. ಧಾರವಾಡದ ಆ ಅರ್ಜಿ ಸರಕಾರಕ್ಕೆ ತಿಳಿಯುವ ಭಾಷೆಯಲ್ಲಿ ಹೋದದ್ದರಿಂದಲೇ ಅಷ್ಟು ದೂರ ಹೋಯಿತು. ನನ್ನ ತಕರಾರು ಇಷ್ಟೇ: ಕಾಗುಣಿತ ತಿದ್ದುವುದು ಬೇರೆ, ಕಂಡದ್ದನ್ನೇ ತಿದ್ದುವುದು ಬೇರೆ. ಕೆಂಪು ಮಸಿ ಮೊದಲನೆಯದನ್ನು ಮಾಡುವ ನೆಪದಲ್ಲಿ ಎರಡನೆಯದನ್ನು ಮಾಡುತ್ತ ಬಂದಿದೆ. ‘ಹಲಗಿ’ಯನ್ನು ‘ಹಲಗೆ’ ಎಂದು ತಿದ್ದಲಿ, ಚಿಂತೆಯಿಲ್ಲ. ಅದನ್ನು ಹೊಡೆದು ಹಾಕಿ ‘ಒಕ್ಕಲುತನ’ ಎಂದು ಬರೆಸಬಾರದು.

ದಲಿತ ವಿಮರ್ಶೆಯ ಕಡೆಗೂ ಒಂದು ಮಾತು ಹೇಳಬೇಕಿದೆ. ಒಬ್ಬ ಪ್ರಶಿಕ್ಷಣಾರ್ಥಿ ನನ್ನನ್ನು ಕೇಳಿದ: "ಮೇಡಂ, ನಾವು ಮಳಿ ಬಗ್ಗೆ ಬರೀಬಾರದೇನ್ರಿ? ಬರೇ ನಮ್ಮ ತ್ರಾಸನ ಬರೀಬೇಕೇನ್ರಿ?" ಅವನದು ಕಣಕುಂಬಿ ಕಡೆಯ ಹಳ್ಳಿ, ಮಲಪ್ರಭೆ ಹುಟ್ಟುವ ಸೀಮೆ. ಅಲ್ಲಿ ಮಳೆಗಾಲವೆಂದರೆ ತಿಂಗಳುಗಟ್ಟಲೆ ಸೂರ್ಯ ಕಾಣುವುದಿಲ್ಲ. ಅವನ ಪ್ರಶ್ನೆ ನಮ್ಮೆಲ್ಲರಿಗೂ ತಟ್ಟಬೇಕು. ದಲಿತ ಬರಹಗಾರನಿಂದ ನೋವಿನ ದಾಖಲೆಯನ್ನಷ್ಟೇ ಕೇಳುವ ವಿಮರ್ಶೆ ಇನ್ನೊಬ್ಬ ಇನ್‌ಸ್ಪೆಕ್ಟರ್ ಆಗಿಬಿಡುತ್ತದೆ. ಹಳೇ ಮಾಸ್ತರ ‘ಜಾತಿ ಬರೀಬ್ಯಾಡ’ ಅಂದ. ಹೊಸ ವಿಮರ್ಶಕ ‘ಜಾತಿ ಬಿಟ್ಟು ಬ್ಯಾರೆ ಬರೀಬ್ಯಾಡ’ ಅಂತಾನೆ. ಇಬ್ಬರೂ ಹುಡುಗನ ಕೈಯನ್ನೇ ಹಿಡಿದಿದ್ದಾರೆ. ಮಳೆಯ ಬಗ್ಗೆ ಅವನು ಬರೆಯಲಿ. ಸೋರುವ ಮಾಡು ಯಾವ ಓಣಿಯದು, ಮಳೆ ನೋಡುತ್ತ ಚಹಾ ಕುಡಿಯುವ ಕಟ್ಟೆ ಯಾರದು ಎಂಬುದು ಅವನ ಬರಹದಲ್ಲಿ ತಾನಾಗಿಯೇ ಬಂದರೆ ಬರಲಿ, ಬಾರದಿದ್ದರೆ ಬರೇ ಮಳೆಯೇ ಇರಲಿ. ಮಳೆಯ ಮೇಲೂ ಅವನಿಗೆ ಹಕ್ಕಿದೆ.

ಕಾರ್ಯಕರ್ತ ಗೆಳೆಯರು ‘ಹಾಗಾದರೆ ಮಾಡಬೇಕಾದದ್ದೇನು’ ಎಂದು ಕೇಳಬಹುದು. ಮಾಡಬಹುದಾದ ಸಣ್ಣ ಕೆಲಸಗಳಿವೆ. ಪ್ರಶಿಕ್ಷಣಾರ್ಥಿ ತನ್ನ ದಿನಚರಿಯನ್ನು ಮೊದಲು ಬಸ್ಸಿನಲ್ಲಿ ಹೇಳುವ ಮಾತಿನಲ್ಲೇ ಬರೆಯಲಿ, ಆಮೇಲೆ ಪರೀಕ್ಷಕರ ಕನ್ನಡಕ್ಕೆ ತರಲಿ. ಮೊದಲ ಪ್ರತಿಯನ್ನು ಹರಿದು ಒಗೆಯದೆ ಇಟ್ಟುಕೊಳ್ಳಲಿ. ಎರಡನ್ನೂ ಎದುರಿಗಿಟ್ಟು ದಾಟುವಾಗ ಯಾರು ಕಾಣೆಯಾದರು ಎಂದು ತಾನೇ ಕೇಳಿಕೊಳ್ಳಲಿ. ಮಕ್ಕಳಿಗೆ ನಿಬಂಧ ಕೊಟ್ಟ ದಿನ ತಾನೂ ಅದೇ ವಿಷಯದ ಮೇಲೆ ಕೂತು ಬರೆಯಲಿ, ಮಕ್ಕಳ ಮುಂದೆ ಓದಲಿ. ‘ನನ್ನ ಅಪ್ಪ’ ಎಂಬ ನಿಬಂಧದಲ್ಲಿ ಅಕ್ಕೋರೇ ಮೊದಲು "ನಮ್ಮಪ್ಪ ಹಲಗಿ ಬಾರಸ್ತಿದ್ದ" ಎಂದು ಓದಿದರೆ ಐದನೇತ್ತೆಯ ಆ ಹುಡುಗ ಮುಂದಿನ ಸಲ ಏನು ಬರೆದಾನು ಎಂಬುದನ್ನು ಯೋಚಿಸಿ. ನನ್ನ ತರಗತಿಯಲ್ಲಿ ಈಗ ಎರಡೂ ಪ್ರತಿಗಳನ್ನು ತರಿಸಿಕೊಳ್ಳುತ್ತೇನೆ. ಮೊದಲ ಪ್ರತಿಗೆ ಅಂಕವಿಲ್ಲ, ಗೀಟೂ ಇಲ್ಲ.

ಚಿಕ್ಕ ಪತ್ರಿಕೆಗಳ ಪಾಲಿನ ಕೆಲಸವೂ ಇದೆ. ದಲಿತ ವಿಶೇಷಾಂಕವೆಂದರೆ ನಾವು ಕವಿತೆ, ಕತೆ, ಲೇಖನ ಆಹ್ವಾನಿಸುತ್ತೇವೆ. ಹಾಸ್ಟೆಲಿನಲ್ಲಿ ಕೂತು ವಿದ್ಯಾರ್ಥಿವೇತನಕ್ಕೆ ಬರೆದ ಅರ್ಜಿ, ಸಾಲಿಯ ನಿಬಂಧ, ಮಾಸ್ತರಾಗುವವರ ದಿನಚರಿಯ ಮೊದಲ ಪ್ರತಿ, ಇವು ನಮ್ಮ ಪುಟಗಳಿಗೆ ಬಂದಿಲ್ಲ. ಮುಕ್ತಾ ಸಾಳವೆಯ ನಿಬಂಧಕ್ಕೆ 1855ರಲ್ಲಿ ಒಂದು ಪತ್ರಿಕೆ ಜಾಗ ಕೊಟ್ಟಿತ್ತು. ಇಷ್ಟು ವರ್ಷಗಳಾದ ಮೇಲೆ ಅಷ್ಟು ಜಾಗ ನಮ್ಮಲ್ಲಿಯೂ ಇರಬೇಕು. ಮುಂದಿನ ಸಂಚಿಕೆಗೆ ಬಿ.ಎಡ್. ಹುಡುಗರಿಗೆ ‘ಕವಿತೆ ಕಳಸ್ರಿ’ ಅನ್ನುವುದರ ಜೊತೆಗೆ ‘ನಿಮ್ಮ ದಿನಚರಿ ಕಳಸ್ರಿ, ತಿದ್ದದ್ದು ಬ್ಯಾಡ, ಮೊದಲಿಂದ ಇರಲಿ’ ಎಂದೂ ಕೇಳೋಣ.